ಮನೆಯ ಸ್ಟೀರಿಯೋಗೆ ಆಂಪ್ಲಿಫೈಯರ್ ಆರಿಸುವುದು: ಲೆಕ್ಕ ಮೊದಲು, ಅಂಗಡಿ ಆಮೇಲೆ

ಭಾವ ಶಿವಮೊಗ್ಗದಿಂದ ಫೋನ್ ಮಾಡಿದ್ದರು. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಸಂಗೀತಕ್ಕೆಂದು ಎತ್ತಿಟ್ಟಿದ್ದಾರೆ. ‘ನೂರು ವ್ಯಾಟಿನ ಆಂಪ್ಲಿಫೈಯರ್ ಕೊಳ್ಳಲೋ, ನೂರೈವತ್ತರದ್ದೋ?’ ಎಂಬುದು ಅವರ ಪ್ರಶ್ನೆ. ‘ಸ್ಪೀಕರ್ ಯಾವುದು ಭಾವ?’ ಎಂದೆ. ‘ಅದಿನ್ನೂ ಕೊಂಡಿಲ್ಲ, ಮೊದಲು ಆಂಪ್ ಆಗಲಿ’ ಎಂದರು. ಕಾಲಿನ ಅಳತೆ ಗೊತ್ತಿಲ್ಲದೆ ಚಪ್ಪಲಿ ಅಂಗಡಿಗೆ ಹೊರಟ ಹಾಗೆ. ಅವರಿಗೆ ಮೂರು ಸಂಜೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಆಂಪ್ಲಿಫೈಯರಿನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಸಿಡಿ ಪ್ಲೇಯರಿನಿಂದಲೋ ಫೋನಿನಿಂದಲೋ ಬರುವ ಸಂಕೇತಕ್ಕೆ ಸ್ಪೀಕರಿನ ಕೋನನ್ನು, ಅಂದರೆ ಅದುರಿ ಶಬ್ದ ಹೊರಡಿಸುವ ಪರದೆಯನ್ನು, ಅಲುಗಾಡಿಸುವ ತ್ರಾಣ ಇರುವುದಿಲ್ಲ. ಆ ತ್ರಾಣವನ್ನು ಗೋಡೆಯ ಪ್ಲಗ್ಗಿನಿಂದ ಎಳೆದು, ಸಂಕೇತದ ಆಕಾರ ಕೆಡದಂತೆ ಸ್ಪೀಕರಿಗೆ ಮುಟ್ಟಿಸಬೇಕು. ಹಾಗಾಗಿ ಒಳ್ಳೆಯ ಆಂಪಿಗೆ ತನ್ನದೇ ಆದ ದನಿ ಇರಬಾರದು. ದನಿ ಇರುವುದು ಸ್ಪೀಕರಿಗೆ, ಅದಕ್ಕಿಂತ ಹೆಚ್ಚಾಗಿ ನಿಮ್ಮ ಕೋಣೆಗೆ. ನನ್ನ ಪಕ್ಷಪಾತವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ: ಆಂಪನ್ನು ‘ಬೆಚ್ಚನೆಯ ನಾದ’, ‘ರೇಷ್ಮೆಯಂಥ ಟ್ರೆಬಲ್’ ಎಂದೆಲ್ಲ ಹೊಗಳುವವರ ಮಾತನ್ನು ನಾನು ಅರ್ಧ ಕಿವಿಯಲ್ಲಿ ಮಾತ್ರ ಕೇಳುತ್ತೇನೆ. ಆಂಪ್ ಆರಿಸಲು ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್.

ಹಂತ 1: ಸ್ಪೀಕರ್ ಮತ್ತು ಕೋಣೆ

ಹಣವನ್ನು ಹೇಗೆ ಹಂಚಬೇಕು ಎಂದು ಕೇಳಿದರೆ, ಒಟ್ಟು ಒಂದು ಲಕ್ಷ ಇದ್ದರೆ ಐವತ್ತೈದು ಅರವತ್ತು ಸಾವಿರ ಸ್ಪೀಕರಿಗೆ ಹೋಗಲಿ ಎನ್ನುತ್ತೇನೆ. ಎರಡು ಸ್ಪೀಕರುಗಳ ನಡುವಿನ ವ್ಯತ್ಯಾಸ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಎರಡು ಒಳ್ಳೆಯ ಆಂಪುಗಳ ನಡುವಿನದು ಕೊಂಡವನಿಗೇ ಹಲವು ಸಲ ಗೊತ್ತಾಗುವುದಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಅರಮನೆಯಲ್ಲಿ ಸಾವಿರಾರು ರೆಕಾರ್ಡುಗಳ ಜೊತೆಗೆ ಬಗೆಬಗೆಯ ಲೌಡ್‌ಸ್ಪೀಕರುಗಳನ್ನೂ ಇಟ್ಟುಕೊಂಡಿದ್ದರು. ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಆಸರೆಯಾಗಿ ನಿಂತ, ರಷ್ಯದ ಸಂಗೀತರಚನಕಾರ ಮೆಟ್ನರ್ ಅವರ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟ ಮಹಾರಾಜರಿಗೆ ಅದು ಶಕ್ಯವಿತ್ತು. ನಮಗೆ ಸಿಗುವುದು ಒಂದು ಜೋಡಿ. ಅದನ್ನು ನೋಡಿ ಆರಿಸಬೇಕು.

ಹಾಳೆಯ ಮೇಲೆ ನಾಲ್ಕು ಸಂಗತಿ ಬರೆದುಕೊಳ್ಳಿ. ಸ್ಪೀಕರಿನ ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಅದು ಮಾಡುವ ಶಬ್ದ) ಎಷ್ಟು ಡೆಸಿಬೆಲ್, ಅದರ ಇಂಪಿಡೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ) ಎಷ್ಟು ಓಮ್, ನೀವು ಕೂರುವ ಕುರ್ಚಿ ಸ್ಪೀಕರಿನಿಂದ ಎಷ್ಟು ಮೀಟರ್, ಎಷ್ಟು ಜೋರಾಗಿ ಕೇಳುತ್ತೀರಿ. ಮೊದಲೆರಡು ಸ್ಪೀಕರಿನ ಹಿಂಬದಿಯಲ್ಲಿ ಅಥವಾ ಅದರ ಕೈಪಿಡಿಯಲ್ಲಿ ಇರುತ್ತವೆ. ಮೂರನೆಯದಕ್ಕೆ ಟೇಪು ಹಿಡಿಯಿರಿ. ನಾಲ್ಕನೆಯದಕ್ಕೆ ಮೊಬೈಲಿನಲ್ಲಿ ಶಬ್ದ ಅಳೆಯುವ ಯಾವುದಾದರೂ ಆ್ಯಪ್ ಸಾಕು, ಒಂದೆರಡು ಡೆಸಿಬೆಲ್ ಆಚೀಚೆ ಆದರೂ ಚಿಂತೆಯಿಲ್ಲ. ಮನೆಯಲ್ಲಿ ನೆಮ್ಮದಿಯಾಗಿ ಕೇಳುವವರು ಸರಾಸರಿ 70ರಿಂದ 75 ಡೆಸಿಬೆಲ್ ದಾಟುವುದು ಕಡಿಮೆ.

ಹಂತ 2: ನಿಜಕ್ಕೂ ಎಷ್ಟು ವ್ಯಾಟ್ ಬೇಕು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಹಣ ಉಳಿಯುವುದೂ ಕಳೆಯುವುದೂ ಇಲ್ಲೇ.

ಸೆನ್ಸಿಟಿವಿಟಿ 86 ಡೆಸಿಬೆಲ್ ಎಂದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಆ ಸ್ಪೀಕರ್ 86 ಡೆಸಿಬೆಲ್ ಶಬ್ದ ಮಾಡುತ್ತದೆ ಎಂದು. ನೀವು ಕೂರುವುದು 3 ಮೀಟರಿನಾಚೆ. ಅಷ್ಟು ದೂರಕ್ಕೆ ಬಯಲಿನಲ್ಲಾದರೆ ಸುಮಾರು 9 ಡೆಸಿಬೆಲ್ ಕಳೆಯಬೇಕು. ಆದರೆ ಸ್ಪೀಕರ್ ಎರಡಿವೆ, ಅದಕ್ಕೆ 3 ಸೇರಿಸಿ. ಕೋಣೆಯ ಗೋಡೆಗಳು ಶಬ್ದವನ್ನು ಹಿಂದಿರುಗಿಸುತ್ತವೆ, ಅದಕ್ಕೆ ಇನ್ನೊಂದು 3. ಕೂಡಿ ಕಳೆದರೆ 83. ಅಂದರೆ ಒಂದೇ ಒಂದು ವ್ಯಾಟಿನಲ್ಲಿ ನಿಮ್ಮ ಕುರ್ಚಿಯಲ್ಲಿ 83 ಡೆಸಿಬೆಲ್. ನೀವು ಕೇಳುವುದು 75ರಲ್ಲಿ. ಅದಕ್ಕೆ ಬೇಕಾದದ್ದು ಒಂದು ವ್ಯಾಟಿನ ಆರನೆಯ ಒಂದು ಪಾಲು!

ಹಾಗಾದರೆ ನೂರು ವ್ಯಾಟ್ ಯಾಕೆ? ಸಂಗೀತ ಸಮತಟ್ಟಾಗಿ ಹರಿಯುವುದಿಲ್ಲ. ಆಲಾಪನೆಯಲ್ಲಿ ಸುಮ್ಮನಿದ್ದ ಮೃದಂಗ ಕೃತಿಗೆ ಒಮ್ಮೆಲೇ ಸೇರಿಕೊಂಡಾಗ, ತಬಲಾದ ಡಗ್ಗಾ ಗುಡುಗಿದಾಗ, ಆ ಕ್ಷಣದ ಶಿಖರ ಸರಾಸರಿಗಿಂತ 15ರಿಂದ 20 ಡೆಸಿಬೆಲ್ ಮೇಲಿರುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 3 ಏರಿದರೆ ಶಕ್ತಿ ಇಮ್ಮಡಿ, 10 ಏರಿದರೆ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. 75ರ ಸರಾಸರಿಗೆ 95ರ ಶಿಖರ. ಅದು 83ಕ್ಕಿಂತ 12 ಮೇಲೆ. ಅಂದರೆ 16 ವ್ಯಾಟ್. ಭಾವನ ಮನೆಯ ಹಾಲ್‌ಗೆ ಬಂದ ಲೆಕ್ಕ ಇದೇ. ನೂರೈವತ್ತರ ಮಾತು ಆಡಿದವರು ಕೆಲಹೊತ್ತು ಸುಮ್ಮನಾದರು.

ಆದರೆ ನಿಮಗೆ ಜೋರು ಬೇಕು, ಸರಾಸರಿಯೇ 85 ಇರಲಿ ಎನ್ನುವವರಾದರೆ ಅದೇ ಲೆಕ್ಕ 16ರಿಂದ 160 ವ್ಯಾಟಿಗೆ ಜಿಗಿಯುತ್ತದೆ. ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು, ಆಂಪಿಗೆ ಹತ್ತು ಪಟ್ಟು ಕೆಲಸ. ಇಂಥವರಿಗೆ ನನ್ನ ಸಲಹೆ ದೊಡ್ಡ ಆಂಪ್ ಅಲ್ಲ, 90 ಡೆಸಿಬೆಲ್ಲಿನ ಸ್ಪೀಕರ್. ಸೆನ್ಸಿಟಿವಿಟಿಯಲ್ಲಿ 4 ಡೆಸಿಬೆಲ್ ಗಳಿಸಿದರೆ 160ರ ಅಗತ್ಯ 64ಕ್ಕೆ ಇಳಿಯುತ್ತದೆ.

ಇದೇ ಗಣಿತದ ಇನ್ನೊಂದು ಮುಖವನ್ನು ಅಂಗಡಿಯಲ್ಲಿ ನೆನಪಿಡಿ. ಡೆನಾನ್ ಪಿಎಂಎ-600ಎನ್ಇ ಆಂಪಿಗೆ 8 ಓಮಿನಲ್ಲಿ 45 ವ್ಯಾಟ್, ಯಮಾಹಾ ಎ-ಎಸ್301ಕ್ಕೆ 60 ವ್ಯಾಟ್. ಕಾಗದದಲ್ಲಿ ಮೂರನೆಯ ಒಂದು ಭಾಗ ಹೆಚ್ಚು. ಕಿವಿಗೆ? 1.25 ಡೆಸಿಬೆಲ್. ಪಕ್ಕದ ಕೋಣೆಯ ಫ್ಯಾನ್ ನಿಲ್ಲಿಸಿದರೆ ಅದಕ್ಕಿಂತ ಹೆಚ್ಚು ಲಾಭ. 1978ರಲ್ಲಿ ಬಂದ ಎನ್‌ಎಡಿ 3020 ಎಂಬ ಆಂಪ್ ಲೋಕದಾದ್ಯಂತ ಹೆಸರು ಮಾಡಿದ್ದು ಬರೀ 20 ವ್ಯಾಟಿನಲ್ಲಿ. ಕ್ಷಣಕಾಲದ ಶಿಖರಗಳಿಗೆ ಅದರ ಎರಡರಷ್ಟನ್ನು ಕೊಡುವ ತ್ರಾಣ ಅದಕ್ಕಿತ್ತು.

ಲೆಕ್ಕ ಹಾಕಿ ಬಂದದ್ದಕ್ಕೆ ಎರಡು ಪಟ್ಟು ಮೀಸಲು ಇಟ್ಟುಕೊಳ್ಳಿ. ಮೀಸಲು ಯಾಕೆಂದರೆ, ಶಕ್ತಿ ಸಾಲದೆ ಹೋದಾಗ ಆಂಪ್ ಅಲೆಯ ತಲೆಯನ್ನು ಚಪ್ಪಟೆಯಾಗಿ ಕತ್ತರಿಸುತ್ತದೆ, ಇದನ್ನೇ ಕ್ಲಿಪ್ಪಿಂಗ್ ಎನ್ನುವುದು. ಕತ್ತರಿಸಿದ ಅಲೆಯಲ್ಲಿ ಮೂಲದಲ್ಲಿಲ್ಲದ ಮೇಲ್‌ಸ್ವರಗಳು ಹುಟ್ಟುತ್ತವೆ. ಜೋರಾಗಿಸಿದಷ್ಟೂ ಟ್ವೀಟರಿಗೆ, ಅಂದರೆ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರಿಗೆ, ಹೋಗುವ ಸರಾಸರಿ ಶಕ್ತಿ ಏರುತ್ತಲೇ ಹೋಗುತ್ತದೆ. ನಮ್ಮ ಮನೆಯ ಒಂದು ಹುಟ್ಟುಹಬ್ಬದ ದಿನ ನನ್ನ 20 ವ್ಯಾಟಿನ ಆಂಪಿನ ನಾಬನ್ನು ಮಕ್ಕಳು ಕೊನೆಯವರೆಗೂ ತಿರುಗಿಸಿದರು. ಕುಣಿತ ಮುಗಿಯುವ ಹೊತ್ತಿಗೆ ಎಡಗಡೆಯ ಟ್ವೀಟರ್ ಸತ್ತಿತ್ತು. ತಪ್ಪು ಮಕ್ಕಳದ್ದಲ್ಲ; ಹತ್ತು ಜನರ ಕುಣಿತಕ್ಕೆ ಆ ಆಂಪನ್ನು ಇಟ್ಟವನು ನಾನು.

ಹಂತ 3: ಓಮಿನ ಹೊಂದಾಣಿಕೆ

‘8 ಓಮ್’ ಎಂದು ಬರೆದ ಸ್ಪೀಕರ್ ಯಾವಾಗಲೂ 8 ಓಮ್ ಆಗಿರುವುದಿಲ್ಲ. ಸ್ವರ ಬದಲಾದಂತೆ ಅದರ ಇಂಪಿಡೆನ್ಸ್ ಏರಿಳಿಯುತ್ತದೆ. ಒಂದೇ ಸ್ಪೀಕರ್ ಒಂದು ಕಡೆ 25 ಓಮಿಗೆ ಏರಿ, ಇನ್ನೊಂದು ಕಡೆ 4ಕ್ಕೆ ಇಳಿಯಬಹುದು. ಕೈಪಿಡಿಯಲ್ಲಿ ‘ಕನಿಷ್ಠ ಇಂಪಿಡೆನ್ಸ್’ ಎಂಬ ಅಂಕಿ ಇದ್ದರೆ ಅದನ್ನೇ ನಂಬಿ.

ಓಮ್ ಇಳಿದಷ್ಟೂ ಆಂಪಿನಿಂದ ಹೆಚ್ಚು ಕರೆಂಟ್ ಹರಿಯಬೇಕು. 8 ಓಮಿಗೆ 50 ವ್ಯಾಟ್ ಕೊಡುವ ಆಂಪ್ 20 ವೋಲ್ಟ್, 2.5 ಆಂಪಿಯರ್ ಹೊರಹಾಕುತ್ತದೆ. ಅದೇ 20 ವೋಲ್ಟಿಗೆ 4 ಓಮ್ ಸಿಕ್ಕಿದರೆ 5 ಆಂಪಿಯರ್ ಬೇಕು, ಶಕ್ತಿ 100 ವ್ಯಾಟ್ ಆಗಬೇಕು. ಆಂಪಿನ ಟ್ರಾನ್ಸ್‌ಫಾರ್ಮರ್ ಗಟ್ಟಿಯಾಗಿದ್ದರೆ 4 ಓಮಿನ ಅಂಕಿ 8ರ ಇಮ್ಮಡಿಯ ಹತ್ತಿರ ಬರುತ್ತದೆ. ಸಾಮಾನ್ಯ ಬೆಲೆಯ ಆಂಪುಗಳಲ್ಲಿ ಒಂದೂವರೆ ಪಟ್ಟು ಬಂದರೆ ಚೆನ್ನಾಗಿಯೇ ಇದೆ ಎನ್ನಬೇಕು. ಆಂಪಿನ ವಿವರಪಟ್ಟಿಯಲ್ಲಿ 4 ಓಮಿನ ಅಂಕಿಯೇ ಇಲ್ಲದಿದ್ದರೆ, ಅಥವಾ ಹಿಂಬದಿಯಲ್ಲಿ ‘6ರಿಂದ 16 ಓಮ್ ಮಾತ್ರ’ ಎಂದು ಬರೆದಿದ್ದರೆ, 4 ಓಮಿನ ಸ್ಪೀಕರನ್ನು ಅದಕ್ಕೆ ಕಟ್ಟಬೇಡಿ. ಒಂದು ಆಂಪಿಗೆ ಎರಡು ಜೋಡಿ ಸ್ಪೀಕರ್ ಒಟ್ಟಿಗೆ ಹಾಕುವ ಆಸೆ ಇದ್ದವರಿಗೂ ಇದೇ ಎಚ್ಚರಿಕೆ: 8 ಓಮಿನ ಎರಡು ಸ್ಪೀಕರ್ ಸಮಾಂತರವಾಗಿ ಸೇರಿದರೆ 4 ಓಮ್ ಆಗುತ್ತದೆ.

ಸ್ಪೀಕರ್ ತಯಾರಕರ ಒಂದು ಜಾಣತನವನ್ನೂ ಹೇಳಬೇಕು. ಸೆನ್ಸಿಟಿವಿಟಿಯನ್ನು 1 ವ್ಯಾಟಿಗೆ ಬದಲಾಗಿ 2.83 ವೋಲ್ಟಿಗೆ ಅಳೆದಿರುತ್ತಾರೆ. 8 ಓಮಿಗೆ ಅದು 1 ವ್ಯಾಟೇ, ತಂಟೆಯಿಲ್ಲ. ಆದರೆ 4 ಓಮಿಗೆ 2.83 ವೋಲ್ಟ್ ಎಂದರೆ 2 ವ್ಯಾಟ್. ಹಾಗಾಗಿ 4 ಓಮಿನ ಸ್ಪೀಕರಿಗೆ 88 ಎಂದು ಬರೆದಿದ್ದರೆ ಹಂತ 2ರ ಲೆಕ್ಕಕ್ಕೆ 85 ಎಂದು ಹಿಡಿಯಿರಿ.

ಹಂತ 4: ಡಬ್ಬದ ಮೇಲಿನ ಅಂಕಿಗಳನ್ನು ಓದುವುದು

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ‘1000 ವ್ಯಾಟ್ ಪಿಎಂಪಿಒ’ ಎಂಬ ಹೊಳೆಯುವ ಸ್ಟಿಕ್ಕರ್ ನೆನಪಿರಬಹುದು. ಕ್ಷಣಕಾಲದ ಗರಿಷ್ಠ ಶಕ್ತಿ ಎಂಬ ಹೆಸರಿನಲ್ಲಿ ಉಬ್ಬಿಸಿದ ಅಂಕಿ ಅದು. ಅದೇ ಪೆಟ್ಟಿಗೆಯನ್ನು ಹಿಂದೆ ತಿರುಗಿಸಿದರೆ ವಿದ್ಯುತ್ ಬಳಕೆ 40 ವ್ಯಾಟ್ ಎಂದು ಇರುತ್ತಿತ್ತು. ಸೇರು ಅಕ್ಕಿ ಹಾಕಿ ಮೂಟೆ ಅನ್ನ ಬಸಿದ ಹಾಗೆ. ಅಮೆರಿಕದಲ್ಲಿ ಇಂಥ ಉತ್ಪ್ರೇಕ್ಷೆಗೆ 1974ರಲ್ಲೇ ಕಾನೂನಿನ ಕಡಿವಾಣ ಬಿತ್ತು, 2024ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಪಿಎಂಪಿಒ ಈಗ ಬಹುಮಟ್ಟಿಗೆ ಮರೆಯಾಗಿದೆ, ಅದರ ಸಂತಾನ ಉಳಿದಿದೆ.

ಪ್ರಾಮಾಣಿಕ ಅಂಕಿ ಹೀಗಿರುತ್ತದೆ: ‘ಎರಡೂ ಚಾನೆಲ್ ಒಟ್ಟಿಗೆ, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ವಿರೂಪ ಶೇ 0.1ಕ್ಕಿಂತ ಕಡಿಮೆ, 45 ವ್ಯಾಟ್.’ ಉಬ್ಬಿಸಿದ ಅಂಕಿ ಹೀಗೆ: ‘ಒಂದು ಚಾನೆಲ್, 6 ಓಮ್, 1 ಕಿಲೋಹರ್ಟ್ಸ್, ವಿರೂಪ ಶೇ 10, 150 ವ್ಯಾಟ್.’ ಶೇ 10 ವಿರೂಪ ಎಂದರೆ ಅಲೆ ಆಗಲೇ ಚೆನ್ನಾಗಿ ಕತ್ತರಿಸಿಹೋಗಿದೆ ಎಂದರ್ಥ. ಹೋಮ್ ಥಿಯೇಟರ್ ರಿಸೀವರುಗಳಲ್ಲಿ ಇದು ತೀರ ಸಾಮಾನ್ಯ. ಸಂಗೀತಕ್ಕಷ್ಟೇ ಬೇಕೆನ್ನುವವರು ಅದೇ ಬೆಲೆಯ ಎರಡು ಚಾನೆಲ್ಲಿನ ಆಂಪ್ ಕೊಂಡರೆ ಹೆಚ್ಚು ಗಟ್ಟಿಯಾದದ್ದು ಸಿಗುತ್ತದೆ, ಏಕೆಂದರೆ ಕೊಟ್ಟ ಹಣ ಏಳು ಚಾನೆಲ್ಲಿಗೆ ಹರಿದುಹಂಚಿ ಹೋಗುವುದಿಲ್ಲ.

ಈಗ ಆನ್‌ಲೈನಿನಲ್ಲಿ ಬರುವ ಅಂಗೈಯಗಲದ ಆಂಪುಗಳನ್ನು ನೋಡಿ. ‘300+300 ವ್ಯಾಟ್’ ಎಂದು ಬರೆದಿರುತ್ತದೆ. ಜೊತೆಗೆ ಕೊಡುವ ಅಡಾಪ್ಟರಿನ ಮೇಲೆ 32 ವೋಲ್ಟ್, 5 ಆಂಪಿಯರ್ ಎಂದಿರುತ್ತದೆ. ಗುಣಿಸಿ: 160 ವ್ಯಾಟ್, ಅದೂ ಎರಡೂ ಚಾನೆಲ್ ಸೇರಿ, ನಷ್ಟ ಕಳೆಯುವ ಮುಂಚೆ. 32 ವೋಲ್ಟಿನಿಂದ 8 ಓಮಿನ ಸ್ಪೀಕರಿಗೆ ಸಿಗಬಹುದಾದದ್ದು ಚಾನೆಲ್ಲಿಗೆ 60 ವ್ಯಾಟಿನ ಆಸುಪಾಸು. ಇದರಲ್ಲಿ ಮರುಗಬೇಕಾದದ್ದೇನೂ ಇಲ್ಲ. ಆ ಬೆಲೆಗೆ 60 ವ್ಯಾಟ್ ಎಂದರೆ ಭೇಷ್ ಎನ್ನಬೇಕು, ಸುಳ್ಳಿನ ಅಗತ್ಯವೇ ಇರಲಿಲ್ಲ.

ಹಂತ 5: ಎ, ಎಬಿ, ಡಿ, ವಾಲ್ವ್

ಒಳಗಿನ ಸರ್ಕಿಟ್ ಕೆಲಸ ಮಾಡುವ ರೀತಿಗೆ ತಕ್ಕಂತೆ ಆಂಪುಗಳನ್ನು ಎ, ಎಬಿ, ಡಿ ಎಂಬ ಕ್ಲಾಸುಗಳಾಗಿ ವಿಂಗಡಿಸುತ್ತಾರೆ. ಕ್ಲಾಸ್ ಎ ಆಂಪ್ ಹಾಡು ಇರಲಿ ಬಿಡಲಿ, ಪೂರ್ತಿ ಕರೆಂಟನ್ನು ಸದಾ ಹರಿಸುತ್ತಿರುತ್ತದೆ, ಅದಕ್ಕೇ ಸದಾ ಬಿಸಿ. ಚಳಿಗಾಲದ ಮಡಿಕೇರಿಯಲ್ಲಿ ಒಳ್ಳೆಯದು, ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಬೇಡ. ಕ್ಲಾಸ್ ಎಬಿ ಇಷ್ಟು ವರ್ಷ ಮನೆಗಳಲ್ಲಿ ದುಡಿದ ಎತ್ತು: ದೊಡ್ಡ ಟ್ರಾನ್ಸ್‌ಫಾರ್ಮರ್, ಅಲ್ಯೂಮಿನಿಯಂ ಹೀಟ್‌ಸಿಂಕ್, ಏಳೆಂಟು ಕಿಲೋ ತೂಕ, ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ರಿಪೇರಿ ಮಾಡಬಲ್ಲ ಸರ್ಕಿಟ್. ಈ ಕೊನೆಯ ಗುಣಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಕ್ಲಾಸ್ ಡಿ ಎಂದರೆ ಡಿಜಿಟಲ್ ಅಲ್ಲ. ಸಿ ಆದ ಮೇಲೆ ಬಂದ ಅಕ್ಷರ, ಅಷ್ಟೇ. ಇದರ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತವೆ, ಆದ್ದರಿಂದ ಎಳೆದ ಶಕ್ತಿಯ ಶೇ 90ರ ಹತ್ತಿರ ಸ್ಪೀಕರಿಗೇ ಸೇರುತ್ತದೆ. ಹಳೆಯ ದೂರುಗಳಲ್ಲಿ ಹೆಚ್ಚಿನವು ಈಗ ಉಳಿದಿಲ್ಲ. ಅಗ್ಗದವುಗಳಲ್ಲಿ ಒಂದು ಕೊರತೆ ಮಾತ್ರ ಇದೆ: ಕೊನೆಯ ಫಿಲ್ಟರನ್ನು ಫೀಡ್‌ಬ್ಯಾಕಿನ (ಹೊರಹೋಗುವ ಸಂಕೇತವನ್ನು ಮೂಲದೊಡನೆ ಹೋಲಿಸಿ ತಿದ್ದುವ ಏರ್ಪಾಡಿನ) ಒಳಗೆ ತರದ ವಿನ್ಯಾಸಗಳಲ್ಲಿ, ಕಟ್ಟಿದ ಸ್ಪೀಕರಿನ ಇಂಪಿಡೆನ್ಸಿಗೆ ತಕ್ಕಂತೆ ಟ್ರೆಬಲ್ ಒಂದೆರಡು ಡೆಸಿಬೆಲ್ ಏರಬಹುದು ಅಥವಾ ಇಳಿಯಬಹುದು. ಹೈಪೆಕ್ಸ್, ಪ್ಯೂರಿಫೈ ಕಂಪನಿಗಳ ಮಾಡ್ಯೂಲುಗಳಲ್ಲಿ ಈ ತೊಂದರೆ ಇಲ್ಲ, ಬೆಲೆಯೂ ಅದಕ್ಕೆ ತಕ್ಕಂತೆ.

ಟ್ರಾನ್ಸಿಸ್ಟರಿಗೆ ಬದಲು ಗಾಜಿನ ಕೊಳವೆಗಳಿರುವ ವಾಲ್ವ್ ಆಂಪಿನ ಬಗ್ಗೆ ಒಂದೇ ಮಾತು. ಕೆಂಪಗೆ ಹೊಳೆಯುವ ಆ ಬುರುಡೆಗಳ ಚೆಲುವಿಗೆ ನಾನೂ ಸೋತಿದ್ದೇನೆ, ಆದರೆ 300ಬಿ ಎಂಬ ಮಾದರಿಯ ಒಂದೇ ವಾಲ್ವಿನಿಂದ ಸಿಗುವುದು ಸುಮಾರು 8 ವ್ಯಾಟ್. ಹಂತ 2ರ ಲೆಕ್ಕಕ್ಕೆ 8 ಸಾಕಾಗುವ ಸ್ಪೀಕರ್ ನಿಮ್ಮಲ್ಲಿದ್ದರೆ ಮಾತ್ರ ಆ ಕಡೆ ನೋಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬಿಸಿ ಗಾಜು ಮತ್ತು ಒಳಗಿನ ನೂರಾರು ವೋಲ್ಟನ್ನು ನೆನಪಿಡಿ.

ಹಂತ 6: ಹಿಂಬದಿಯ ತೂತುಗಳನ್ನು ಎಣಿಸಿ

ಮುಂಭಾಗಕ್ಕೆ ಮರುಳಾಗಿ ಕೊಂಡವರು ಪಶ್ಚಾತ್ತಾಪ ಪಡುವುದು ಹಿಂಭಾಗವನ್ನು ನೋಡಿದಾಗ. ನಿಮ್ಮ ಮನೆಯಲ್ಲಿ ಏನೇನು ಜೋಡಿಸಬೇಕಾಗಿದೆ? ಟಿವಿಯ ಶಬ್ದವೂ ಇದರಲ್ಲೇ ಬರಬೇಕಾದರೆ ಎಚ್‌ಡಿಎಂಐ ಎಆರ್‌ಸಿ ಇರುವುದನ್ನು ಆರಿಸಿ; ಆಗ ಟಿವಿಯ ರಿಮೋಟಿನಲ್ಲೇ ವಾಲ್ಯೂಮ್ ಏರಿಸಬಹುದು. ಮನೆಮಂದಿ ಆಂಪನ್ನು ಒಪ್ಪಿಕೊಳ್ಳುವುದೂ ಹೆಚ್ಚಾಗಿ ಇದೇ ಕಾರಣಕ್ಕೆ. ಆಪ್ಟಿಕಲ್ ಇದ್ದರೂ ನಡೆಯುತ್ತದೆ, ರಿಮೋಟ್ ಮಾತ್ರ ಎರಡಾಗುತ್ತದೆ. ಬ್ಲೂಟೂತ್ ಈಗ ಹೆಚ್ಚಿನವುಗಳಲ್ಲಿ ಇದೆ. ಇಲ್ಲದಿದ್ದರೂ ಸಾವಿರ ಚಿಲ್ಲರೆಗೆ ಹೊರಗಿನಿಂದ ಸೇರಿಸಬಹುದು, ಅದಕ್ಕಾಗಿ ಆಂಪ್ ಬದಲಿಸಬೇಡಿ. ಮುಂದೆಂದಾದರೂ ಸಬ್‌ವೂಫರ್ ಬೇಕೆನಿಸಬಹುದು, ಅದರ ಔಟ್‌ಪುಟ್ ಇದೆಯೇ ನೋಡಿ.

ತಂದೆಯವರ ಕಾಲದ ರೆಕಾರ್ಡುಗಳು ಅಟ್ಟದಲ್ಲಿವೆ, ಟರ್ನ್‌ಟೇಬಲ್ ತರುವ ಯೋಚನೆ ಇದೆ ಎನ್ನುವವರಿಗೆ ‘ಫೋನೊ’ ಎಂದು ಬರೆದ ಇನ್‌ಪುಟ್ ಬೇಕು. ಟರ್ನ್‌ಟೇಬಲಿನ ಸೂಜಿ ಕೂರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್, ಅಂದರೆ ನಾನೂರು ಪಟ್ಟು. ಸಾಲದ್ದಕ್ಕೆ ರೆಕಾರ್ಡ್ ಕೊರೆಯುವಾಗ ಬೇಸ್ ತಗ್ಗಿಸಿ ಟ್ರೆಬಲ್ ಎತ್ತಿರುತ್ತಾರೆ. ಫೋನೊ ಘಟ್ಟ ಅದನ್ನು ತಿರುಗಾಮುರುಗಾ ಮಾಡಿ ಸರಿದೂಗಿಸುತ್ತದೆ. ಟರ್ನ್‌ಟೇಬಲನ್ನು ‘ಆಕ್ಸ್’ ತೂತಿಗೆ ಚುಚ್ಚಿ, ದನಿ ಸೊಳ್ಳೆಯಂತೆ ಕೇಳುತ್ತದೆ ಎಂದು ಗೋಳಾಡಿದವರನ್ನು ನಾನು ಬಲ್ಲೆ. ಇಂಟರ್ನೆಟ್ಟಿನಿಂದ ನೇರವಾಗಿ ಹಾಡು ನುಡಿಸುವ, ವಿಮ್ ಆಂಪಿನಂಥ ಹೊಸ ಕಾಲದ ಹಲವು ಸ್ಟ್ರೀಮಿಂಗ್ ಆಂಪುಗಳಲ್ಲಿ ಫೋನೊ ಇರುವುದಿಲ್ಲ, ಬೇರೆ ಪೆಟ್ಟಿಗೆ ಕೊಳ್ಳಬೇಕಾಗುತ್ತದೆ.

ಬೇಸ್, ಟ್ರೆಬಲ್ ನಾಬುಗಳನ್ನು ಕಂಡರೆ ಮೂಗು ಮುರಿಯುವ ಶುದ್ಧಸಂಪ್ರದಾಯದವರು ಇದ್ದಾರೆ. ನಾನು ಅವರ ಪಂಗಡದವನಲ್ಲ. ಶಬ್ದ ತಗ್ಗಿದಾಗ ಕಿವಿಗೆ ಬೇಸ್ ಇನ್ನೂ ಬೇಗ ಮಾಯವಾಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ರಾತ್ರಿ ಹತ್ತರ ಮೇಲೆ ಮಲಗಿದವರಿಗೆ ಎಚ್ಚರವಾಗದಂತೆ ಕೇಳುವಾಗ ಬೇಸನ್ನು ಒಂದು ಗೀಟು ಏರಿಸುವುದು ಪಾಪವಲ್ಲ.

ಹಂತ 7: ಮನೆಯ ಕರೆಂಟು

ವಿದೇಶದಲ್ಲಿರುವ ಮಗನೋ ಮಗಳೋ ಆಂಪ್ ತರುತ್ತೇನೆಂದರೆ ಮೊದಲು ವೋಲ್ಟೇಜ್ ಕೇಳಿ. ಅಮೆರಿಕದ್ದು 120, ಜಪಾನಿನದ್ದು 100, ನಮ್ಮದು 230. ಅಡಾಪ್ಟರ್ ಬಳಸುವ ಚಿಕ್ಕ ಆಂಪುಗಳಲ್ಲಿ ಅಡಾಪ್ಟರಿನ ಮೇಲೆ ‘100ರಿಂದ 240’ ಎಂದಿದ್ದರೆ ನಿಶ್ಚಿಂತೆ. ಟ್ರಾನ್ಸ್‌ಫಾರ್ಮರ್ ಇರುವ ಭಾರದ ಆಂಪಾದರೆ ನೇರವಾಗಿ ಚುಚ್ಚಿದ ಮರುಕ್ಷಣ ಫ್ಯೂಸ್ ಹಾರುತ್ತದೆ, ಅದೃಷ್ಟ ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರೇ ಹೋಗುತ್ತದೆ.

ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಆಂಪಿನ ಒಳಗಿನಿಂದ ಗುಂಯ್ ಎಂಬ ಸದ್ದು ಬಂದರೆ ಆಂಪ್ ಕೆಟ್ಟಿಲ್ಲ. ಅಗ್ಗದ ಇನ್ವರ್ಟರ್ ಕೊಡುವ ಚೌಕಾಕಾರದ ಅಲೆಗೆ ಟ್ರಾನ್ಸ್‌ಫಾರ್ಮರ್ ಗೊಣಗುತ್ತಿದೆ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ಸದ್ದು ಇಲ್ಲ. ಸ್ಪೀಕರಿನಿಂದಲೇ ಗುಂಯ್‌ಗುಡುವಿಕೆ ಬಂದರೆ ಅದು ಬೇರೆ: ಒಂದೊಂದೇ ಕೇಬಲ್ ಕಿತ್ತು ನೋಡಿ. ನನ್ನ ಅನುಭವದಲ್ಲಿ ಅಪರಾಧಿ ಹೆಚ್ಚಾಗಿ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಟಿವಿ ತಂತಿ. ಅದು ಹೊರಗಿನ ಬೇರೊಂದು ಅರ್ಥಿಂಗ್ ಸಂಪರ್ಕವನ್ನು ಹೊತ್ತು ತರುತ್ತದೆ. ಟಿವಿಯಿಂದ ಆಂಪಿಗೆ ಆಪ್ಟಿಕಲ್ ಕೇಬಲ್ ಹಾಕಿದರೆ ಬೆಳಕು ಮಾತ್ರ ಹಾಯುತ್ತದೆ, ಗುಂಯ್ ನಿಲ್ಲುತ್ತದೆ. ಪ್ಲಗ್ಗಿನ ಮೂರನೆಯ ಕಾಲು ಕಿತ್ತು ಪರಿಹಾರ ಕಂಡುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ, ಆ ಕಾಲು ನಿಮ್ಮ ಪ್ರಾಣಕ್ಕಾಗಿ ಇದೆ.

ಹಂತ 8: ಕೇಳಿ ನೋಡುವುದು

ಅಂಗಡಿಯಲ್ಲಿ ಎರಡು ಆಂಪನ್ನು ಒಂದಾದ ಮೇಲೊಂದು ಕೇಳಿಸುತ್ತಾರೆ. ಎರಡನೆಯದು ‘ಹೆಚ್ಚು ಜೀವಂತ’ ಅನ್ನಿಸುತ್ತದೆ. ಅದು 1 ಡೆಸಿಬೆಲ್ ಜೋರಾಗಿದ್ದರೂ ಸಾಕು, ಕಿವಿ ಅದನ್ನು ಜೋರು ಎನ್ನದೆ ಚೆಂದ ಎಂದು ಓದಿಕೊಳ್ಳುತ್ತದೆ. ಮಾರುವವರಿಗೆ ಈ ಗುಟ್ಟು ಗೊತ್ತಿರುತ್ತದೆ. ವಾಲ್ಯೂಮ್ ನಾಬಿನ ಸ್ಥಾನವನ್ನೂ ನಂಬಬೇಡಿ. ಕೆಲವು ಆಂಪುಗಳಲ್ಲಿ ನಾಬು ಗಡಿಯಾರದ ಒಂಬತ್ತಕ್ಕೆ ಬರುವಷ್ಟರಲ್ಲೇ ಕಿವಿ ತುಂಬುತ್ತದೆ. ಆಂಪಿನ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚು ಎಂದಷ್ಟೇ ಅದರ ಅರ್ಥ, ಶಕ್ತಿ ಹೆಚ್ಚು ಎಂದಲ್ಲ.

ನಿಜವಾಗಿ ಹೋಲಿಸಬೇಕೆಂದರೆ ಮನೆಯಲ್ಲಿ ಹೀಗೆ ಮಾಡಿ. ಸುಮಾರು 200 ಹರ್ಟ್ಸ್‌ನ ಒಂದೇ ಸಮನೆಯ ಸ್ವರವನ್ನು ನುಡಿಸಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಕಡ್ಡಿಗಳನ್ನು ಸ್ಪೀಕರಿನ ಕೆಂಪು ಕಪ್ಪು ತಿರುಪುಗಳಿಗೆ ತಾಗಿಸಿ. ಮೊದಲ ಆಂಪಿನಲ್ಲಿ 2.00 ವೋಲ್ಟ್ ಬರುವಂತೆ ನಾಬು ಇಡಿ. ಎರಡನೆಯದನ್ನೂ 2.00ಕ್ಕೇ ತನ್ನಿ, 2.02 ಆದರೂ ವ್ಯತ್ಯಾಸ 0.1 ಡೆಸಿಬೆಲ್ ಮಾತ್ರ, ನಡೆಯುತ್ತದೆ. ಆಮೇಲೆ ಹಾಡು ಹಾಕಿ, ಯಾವುದು ನುಡಿಯುತ್ತಿದೆ ಎಂದು ಕೇಳುವವರಿಗೆ ತಿಳಿಯದಂತೆ ಇನ್ನೊಬ್ಬರು ಬದಲಿಸಲಿ.

ಹೀಗೆ ಒಂದು ಭಾನುವಾರ ನನ್ನ ಹಳೆಯ ಎಬಿ ಆಂಪನ್ನೂ ಗೆಳೆಯರೊಬ್ಬರ, ಅದರ ಆರು ಪಟ್ಟು ಬೆಲೆಯ ಆಂಪನ್ನೂ ಎದುರುಬದುರು ಇಟ್ಟೆವು. ಮೀಟರ್ ಇಲ್ಲದೆ ಕೇಳಿದಾಗ ಅವರದ್ದೇ ಮೇಲು ಎಂದು ನಾನೂ ಒಪ್ಪಿದ್ದೆ. ಮೀಟರಿನಿಂದ ಸಮ ಮಾಡಿ, ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಐದು ನಿಮಿಷದ ತುಣುಕನ್ನು ಹತ್ತು ಸಲ ಬದಲಿಸಿ ಕೇಳಿದೆವು. ತಂತಿ ಮೀಟಿದಾಗ ಉಗುರು ತಾಗುವ ಸದ್ದು, ಗಮಕದ ಕೊನೆಯಲ್ಲಿ ನಾದ ಆರಿಹೋಗುವ ಜಾಗ, ಗೆಳೆಯರು ಅಲ್ಲೇ ಕಿವಿಯಿಟ್ಟು ಕೂತರು. ಐದು ಸಲ ಸರಿ ಹೇಳಿದರು, ಐದು ಸಲ ತಪ್ಪಿದರು. ರೂಪಾಯಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು. ಕಾಫಿ ಕುಡಿದು, ಆಂಪನ್ನು ಕಾರಿಗೆ ಹಾಕಿಕೊಂಡು, ಹೆಚ್ಚು ಮಾತಾಡದೆ ಹೊರಟರು.

ಹಾಗೆಂದು ಎಲ್ಲ ಆಂಪೂ ಒಂದೇ ಎನ್ನುತ್ತಿಲ್ಲ. ಕಷ್ಟದ ಸ್ಪೀಕರಿಗೆ ಕಟ್ಟಿದ ಬಡಕಲು ಆಂಪ್, ಕ್ಲಿಪ್ ಆಗುವ ಆಂಪ್, ಸದಾ ಸುಯ್ಯೆನ್ನುವ ಆಂಪ್, ಇವು ಖಂಡಿತ ಗೊತ್ತಾಗುತ್ತವೆ. ಸುಯ್ಯೆನ್ನುವುದನ್ನು ಪರೀಕ್ಷಿಸಲು ಹಾಡು ನಿಲ್ಲಿಸಿ, ನಾಬನ್ನು ದಿನವೂ ಕೇಳುವ ಮಟ್ಟಕ್ಕೆ ಇಟ್ಟು, ಕುರ್ಚಿಯಲ್ಲಿ ಕುಳಿತು ಕೇಳಿ. ಟ್ವೀಟರಿಗೆ ಕಿವಿ ಅಂಟಿಸಿದರೆ ಯಾವ ಆಂಪಾದರೂ ಒಂದಿಷ್ಟು ಸುಯ್ಯೆನ್ನುತ್ತದೆ.

ಹಂತ 9: ಹಳೆಯದನ್ನು ಕೊಳ್ಳುವುದಾದರೆ

ಕಡಿಮೆ ಹಣದಲ್ಲಿ ಹೆಚ್ಚು ಆಂಪ್ ಸಿಗುವುದು ಇಲ್ಲೇ. ಮೋಸ ಹೋಗುವುದೂ ಇಲ್ಲೇ. ಮಲ್ಟಿಮೀಟರ್ ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಸ್ಪೀಕರ್ ಕಟ್ಟದೆ ಆಂಪ್ ಹಚ್ಚಿ, ವಾಲ್ಯೂಮ್ ಸೊನ್ನೆಗೆ ಇಟ್ಟು, ಸ್ಪೀಕರ್ ತಿರುಪುಗಳ ನಡುವೆ ಡಿಸಿ ವೋಲ್ಟ್ ಅಳೆಯಿರಿ. 50 ಮಿಲಿವೋಲ್ಟಿನ ಒಳಗಿದ್ದರೆ ಸರಿ. 100 ದಾಟಿದರೆ ಅನುಮಾನಿಸಿ. ವೋಲ್ಟಿನ ಲೆಕ್ಕದಲ್ಲಿ ಬಂದರೆ ಸ್ಪೀಕರ್ ಕಟ್ಟಲೇಬೇಡಿ. ಆಮೇಲೆ ನಾಬುಗಳನ್ನೆಲ್ಲ ತಿರುಗಿಸಿ. ಕರಕರ ಎಂದರೆ ಧೂಳು, ಕ್ಲೀನರ್ ಸ್ಪ್ರೇಯಿಂದ ಹೋಗುತ್ತದೆ. ಕರಾವಳಿಯಿಂದ ಬಂದ ಆಂಪಾದರೆ ಹಿಂಬದಿಯ ತೂತುಗಳಲ್ಲಿ ತುಕ್ಕು ಹಿಡಿದಿದೆಯೇ ನೋಡಿ. ಒಂದು ಚಾನೆಲ್ ಆಗಾಗ ಹೋಗಿ ಬಂದರೆ ಹೆಚ್ಚಾಗಿ ರಿಲೇ ಎಂಬ ಒಳಗಿನ ಸ್ವಿಚ್ಚಿನ ದೋಷ, ದೊಡ್ಡ ಖರ್ಚಲ್ಲ.

ವರ್ಷಗಟ್ಟಲೆ ಮೂಲೆಯಲ್ಲಿ ಕೂತಿದ್ದ ಆಂಪನ್ನು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಬೆಂಗಳೂರಿನ ಎಸ್‌ಪಿ ರಸ್ತೆಯ ಆಸುಪಾಸಿನ ಮೆಕ್ಯಾನಿಕ್‌ಗಳ ಮೇಜಿನ ಮೇಲೆ ಹಳೆಯ ತಂತಿಬಲ್ಬು ಇರುವ ಸೀರೀಸ್ ಬೋರ್ಡ್ ಕಾಣುತ್ತೀರಿ. ಅದರ ಮೂಲಕ ಹಚ್ಚಿದಾಗ ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಒಳಗೆಲ್ಲ ಕ್ಷೇಮ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ.

ಹಂತ 10: ಮನೆಗೆ ತಂದ ದಿನ

ಸ್ಪೀಕರ್ ತಂತಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. 2.5 ಚದರ ಮಿಲಿಮೀಟರಿನ ಎರಡೆಳೆ ತಾಮ್ರದ ತಂತಿ 5 ಮೀಟರ್ ಎಳೆದರೆ ಹೋಗಿಬರುವ ಒಟ್ಟು ತಡೆ ಸುಮಾರು 0.07 ಓಮ್, 8 ಓಮಿನ ಸ್ಪೀಕರಿಗೆ ಅದು ಲೆಕ್ಕಕ್ಕೇ ಇಲ್ಲ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರ್ ಉಲ್ಟಾ ಆದರೆ ಹಾಡುಗಾರರು ನಡುವೆ ನಿಲ್ಲದೆ ಕೋಣೆಯ ತುಂಬ ಚದುರಿಹೋಗುತ್ತಾರೆ, ಬೇಸ್ ಮಾಯವಾಗುತ್ತದೆ. ತಂತಿಯ ಒಂದು ಎಳೆಯೂ ಪಕ್ಕದ ತಿರುಪಿಗೆ ತಾಗಬಾರದು. ಕ್ಲಾಸ್ ಡಿ ಆಂಪುಗಳಲ್ಲಿ ಇನ್ನೊಂದು: ಎರಡೂ ಚಾನೆಲ್ಲಿನ ಕಪ್ಪು ತಿರುಪುಗಳನ್ನು ಒಂದಕ್ಕೊಂದು ಸೇರಿಸಬೇಡಿ, ಹಲವು ವಿನ್ಯಾಸಗಳಲ್ಲಿ ಕಪ್ಪು ಎಂದರೆ ಅರ್ಥ್ ಅಲ್ಲ.

ಭಾವ ಕೊನೆಗೆ 45 ವ್ಯಾಟಿನದ್ದನ್ನು ತಂದರು, ಉಳಿದ ಹಣದಲ್ಲಿ ಸ್ಪೀಕರಿನ ಒಂದು ಮೆಟ್ಟಿಲು ಮೇಲೇರಿದರು. ತಂದದ್ದನ್ನು ಗಾಜಿನ ಬಾಗಿಲಿನ ಶೋಕೇಸಿನಲ್ಲಿ, ಪದಕಗಳ ನಡುವೆ ಇಟ್ಟು ಫೋಟೋ ಕಳಿಸಿದರು. ಅಲ್ಲಿಂದ ತೆಗೆಸಬೇಕಾಯಿತು. ಆಂಪಿನ ಮೇಲೆ ಕನಿಷ್ಠ ಒಂದು ಗೇಣು ಖಾಲಿ ಬೇಕು, ಗಾಳಿ ಆಡಬೇಕು. ಗಂಟೆಗಟ್ಟಲೆ ನುಡಿದ ಮೇಲೆ ಅದರ ನೆತ್ತಿಯ ಮೇಲೆ ಅಂಗೈ ಇಡಿ; ಐದು ಸೆಕೆಂಡು ಇಡಲಾಗದಷ್ಟು ಸುಡುತ್ತಿದ್ದರೆ ಜಾಗ ಸಾಲದು. ಗುಡುಗು ಸಿಡಿಲಿನ ದಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಬೆಚ್ಚಗಿನ ಜಾಗ ಹಲ್ಲಿಗಳಿಗೂ ಇಷ್ಟ. ನನ್ನ ಆಂಪ್ ಒಮ್ಮೆ ಸತ್ತಾಗ ಮೆಕ್ಯಾನಿಕ್ ಮುಚ್ಚಳ ಬಿಚ್ಚಿ, ಬೋರ್ಡಿನ ಮೇಲೆ ಒಣಗಿ ಅಂಟಿದ್ದ ಪುಟ್ಟ ಅಸ್ಥಿಪಂಜರವನ್ನು ಚಿಮುಟದಲ್ಲಿ ಎತ್ತಿ ತೋರಿಸಿದ್ದ. ಅಂದಿನಿಂದ ಗೋಡೆಗೆ ಒತ್ತಿ ಇಡುವುದನ್ನು ಬಿಟ್ಟಿದ್ದೇನೆ.